ಇತಿಹಾಸದ ಪ್ರೊಫೆಸರ್ ಆಗಬೇಕು, ಬಿ.ಎ.ಯಲ್ಲೇ ಏನು ಶುರು ಮಾಡಲಿ?

ಪ್ರಶ್ನೆ: ಹಾಸನದಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದೇನೆ. ಇತಿಹಾಸ ಅಂದ್ರೆ ತುಂಬಾ ಇಷ್ಟ. ಮುಂದೆ ಪ್ರೊಫೆಸರ್ ಆಗಬೇಕು ಅಂತ ಆಸೆ. ದಾರಿ ಹೇಗೆ? ಈಗಿನಿಂದಲೇ ಏನಾದರೂ ಮಾಡಬೇಕಾ?

ಉತ್ತರ: ಹೌದು, ಈಗಿನಿಂದಲೇ ಮಾಡಬೇಕು. ಆದರೆ ಎಲ್ಲರೂ ಹೇಳುವ ಪರೀಕ್ಷೆಯ ತಯಾರಿ ಅದಲ್ಲ. ಪರೀಕ್ಷೆಯ ವಿಷಯ ಬೇಗ ಮುಗಿಸಿಬಿಡುತ್ತೇನೆ.

ಬಿ.ಎ. ಆದಮೇಲೆ ಎರಡು ವರ್ಷದ ಎಂ.ಎ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ನಮ್ಮ ಕಡೆಯವರಿಗೆ ರೂಢಿಯ ದಾರಿ. ಎಂ.ಎ.ಯಲ್ಲಿ ಶೇ. 55 ಅಂಕ ಬೇಕು. ಮೀಸಲಾತಿ ಇರುವವರಿಗೆ ಶೇ. 50. ಆಮೇಲೆ ನೆಟ್ ಅಥವಾ ಕೆಸೆಟ್ ಪಾಸಾಗಬೇಕು, ಇವು ಸಹಾಯಕ ಪ್ರಾಧ್ಯಾಪಕರಾಗಲು ಬೇಕಾದ ಅರ್ಹತಾ ಪರೀಕ್ಷೆಗಳು. ನೆಟ್ ಇಡೀ ದೇಶಕ್ಕೆ ನಡೆಯುತ್ತದೆ, ಕೆಸೆಟ್ ಕರ್ನಾಟಕಕ್ಕೆ ಮಾತ್ರ. ಇತಿಹಾಸದ ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿರುತ್ತದೆ. ಕೆಸೆಟ್‌ನಲ್ಲಿ ಕನ್ನಡವೂ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ದೊಡ್ಡ ಅನುಕೂಲ. ನೆಟ್‌ನಲ್ಲಿ ಇನ್ನೂ ಮೇಲೆ ಬಂದರೆ ಜೆಆರ್‌ಎಫ್ ಸಿಗುತ್ತದೆ. ಅಂದರೆ ಪಿಎಚ್.ಡಿ. ಮಾಡುವಾಗ ಪ್ರತಿ ತಿಂಗಳೂ ಫೆಲೋಶಿಪ್ ಬರುತ್ತದೆ. ಮನೆಗೆ ಭಾರವಾಗದೆ ಸಂಶೋಧನೆ ಮಾಡಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

2023ರ ಜುಲೈಯಿಂದ ಸಹಾಯಕ ಪ್ರಾಧ್ಯಾಪಕರಾಗಲು ಪಿಎಚ್.ಡಿ. ಕಡ್ಡಾಯವಿಲ್ಲ. ಆದರೂ ಪಿಎಚ್.ಡಿ. ಬಿಡಬೇಡಿ. ಸಹಾಯಕ, ಸಹ, ಆಮೇಲೆ ಪ್ರಾಧ್ಯಾಪಕ, ಇದು ಮೆಟ್ಟಿಲು. ನೀವು ಕೇಳುತ್ತಿರುವ ಕೊನೆಯ ಮೆಟ್ಟಿಲಿಗೆ ಪಿಎಚ್.ಡಿ. ಬೇಕೇ ಬೇಕು. ಪಿಎಚ್.ಡಿ.ಗೆ ಕೋರ್ಸ್‌ವರ್ಕ್ (ಶುರುವಿನಲ್ಲಿ ಓದಬೇಕಾದ ತರಗತಿ ಪಾಠ) ಸೇರಿ ಕನಿಷ್ಠ 3 ವರ್ಷ, ಸಾಮಾನ್ಯವಾಗಿ ಗರಿಷ್ಠ 6 ವರ್ಷ.

ಈಗ ನಿಜವಾದ ವಿಷಯಕ್ಕೆ ಬರೋಣ. ಇತಿಹಾಸದ ಮೇಷ್ಟ್ರಿಗೂ ಇತಿಹಾಸದ ಗೈಡ್ ಓದಿದವರಿಗೂ ಇರುವ ವ್ಯತ್ಯಾಸ ಒಂದೇ: ಆಕರ. ಒಂದು ಶಾಸನವನ್ನೋ ಹಳೇ ಕಡತವನ್ನೋ ಬೇರೆಯವರ ನೆರವಿಲ್ಲದೆ ಓದಿ, ಅದು ಏನು ಹೇಳುತ್ತಿದೆ, ಏನು ಹೇಳುತ್ತಿಲ್ಲ ಅಂತ ಗುರುತಿಸಬಲ್ಲವರು ಇತಿಹಾಸಕಾರರು. ಇದನ್ನು ಕಲಿಯಲು ಹಾಸನಕ್ಕಿಂತ ಒಳ್ಳೆಯ ಊರು ಎಲ್ಲಿದೆ ಹೇಳಿ?

ಬೇಲೂರನ್ನೇ ತೆಗೆದುಕೊಳ್ಳಿ. ಚೆನ್ನಕೇಶವನ ಪ್ರತಿಷ್ಠೆ ಶಕ ವರ್ಷ 1039, ಹೇವಿಳಂಬಿ ಸಂವತ್ಸರ. ಶಕಕ್ಕೆ 78 ಕೂಡಿಸಿದರೆ ಕ್ರಿ.ಶ. 1117. ಇಷ್ಟು ಪಠ್ಯದಲ್ಲೂ ಇರುತ್ತದೆ. ಆದರೆ ಸಂವತ್ಸರದ ಹೆಸರು ಯಾಕೆ ಬೇಕಿತ್ತು? ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳಿ ಬರುತ್ತವೆ. 2017ರ ಯುಗಾದಿಗೆ ಬಂದದ್ದೂ ಹೇವಿಳಂಬಿಯೇ. 1117ರಿಂದ 2017ಕ್ಕೆ 900 ವರ್ಷ, ಸರಿಯಾಗಿ 15 ಸುತ್ತು. ಲೆಕ್ಕ ಕೂಡಿತು. ಶಕ ವರ್ಷಕ್ಕೂ ಸಂವತ್ಸರಕ್ಕೂ ತಾಳೆಯಾಗದ ಶಾಸನ ಸಿಕ್ಕರೆ ಅನುಮಾನ ಹುಟ್ಟಬೇಕು: ಕೆತ್ತಿದವನು ತಪ್ಪಿದನೇ, ಓದಿದವರು ತಪ್ಪಿದರೇ, ಅಥವಾ ಆಮೇಲೆ ಯಾರಾದರೂ ಸೃಷ್ಟಿಸಿದ್ದೇ? ಆ ಅನುಮಾನ ನಿಮ್ಮ ತಲೆಗೆ ತಾನಾಗಿ ಬಂದ ದಿನ ನೀವು ಈ ವೃತ್ತಿಯೊಳಗೆ ಕಾಲಿಟ್ಟ ಹಾಗೆ.

ಎಲ್ಲ ಕಲ್ಲೂ ಹೀಗೆ ತಾರೀಖು ಹೇಳುವುದಿಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದಲ್ಲಿ ವರ್ಷವೇ ಇಲ್ಲ. 1936ರಲ್ಲಿ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅದನ್ನು ಪತ್ತೆ ಮಾಡಿದರು. ಸುಮಾರು ಕ್ರಿ.ಶ. 450 ಅಂತ ಹೇಳುವುದು ಲಿಪಿಯ ರೂಪ, ಒಳಗೆ ಬರುವ ಹೆಸರುಗಳನ್ನು ನೋಡಿ. ಹಾಗಾಗಿ ಅದರ ಕಾಲದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಇದೆ. ಪರೀಕ್ಷೆಗೆ '450' ಅಂತ ಟಿಕ್ ಹಾಕಿದರೆ ಸಾಕು. ಕ್ಲಾಸಿನಲ್ಲಿ ನಿಂತು ಪಾಠ ಮಾಡುವಾಗ ಅಷ್ಟು ಸಾಕಾಗುವುದಿಲ್ಲ, ಅಲ್ವಾ?

ಆದ್ದರಿಂದ ನನ್ನ ಸಲಹೆ ಇಷ್ಟು. ನಮ್ಮ ನಾಡಿನ ಶಾಸನಗಳನ್ನು ಜಿಲ್ಲೆವಾರು ಅಚ್ಚು ಹಾಕಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ಈಗಲೇ ತೆರೆಯಿರಿ. ಬಿ.ಎಲ್. ರೈಸ್ ತಂದ ಹಳೆಯ ಸಂಪುಟಗಳಲ್ಲಿ 5ನೆಯದು ಹಾಸನದ್ದು, 6ನೆಯದು ಕಡೂರು ಜಿಲ್ಲೆಯದು. ಇವತ್ತಿನ ಚಿಕ್ಕಮಗಳೂರಿಗೆ ಆಗ ಆ ಹೆಸರಿತ್ತು. ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ನಿಮ್ಮ ತಾಲ್ಲೂಕು ಹುಡುಕಿ, ಅಕ್ಕಪಕ್ಕದ ಹಳ್ಳಿಯ ಒಂದು ಶಾಸನ ಆರಿಸಿ, ಪುಸ್ತಕದ ಪಾಠ ಹಿಡಿದುಕೊಂಡು ಕಲ್ಲಿನ ಮುಂದೆ ಕೂತು ಓದಿ. ಬಿಸಿಲು ಓರೆಯಾಗಿ ಬೀಳುವ ಬೆಳಿಗ್ಗೆ ಅಥವಾ ಸಂಜೆ ಹೋಗಿ. ನಡು ಮಧ್ಯಾಹ್ನ ಸವೆದ ಅಕ್ಷರ ಕಾಣುವುದೇ ಇಲ್ಲ. ಕಲ್ಲಿಗೆ ಸೀಮೆಸುಣ್ಣ, ಎಣ್ಣೆ ಏನೂ ಹಚ್ಚಬೇಡಿ.

ಜೊತೆಗೆ ಒಂದು ಭಾಷೆ. ಹೊಯ್ಸಳರ ಕಾಲ ಇಷ್ಟವಾದರೆ ಹಳಗನ್ನಡ, ಒಂದಿಷ್ಟು ಸಂಸ್ಕೃತ. ಹೈದರ್, ಟಿಪ್ಪು ಕಾಲಕ್ಕೆ ಪರ್ಷಿಯನ್. ಚಿಕ್ಕಮಗಳೂರಿನ ಕಾಫಿ ತೋಟಗಳ ಚರಿತ್ರೆ ಬೇಕಿದ್ದರೆ 19ನೇ ಶತಮಾನದ ಆಡಳಿತ ಇಂಗ್ಲಿಷ್, ಬೆಂಗಳೂರಿನ ರಾಜ್ಯ ಪತ್ರಾಗಾರದ ಕಡತಗಳು. ಭಾಷೆ ಕಲಿಯಲು ವರ್ಷಗಳು ಬೇಕು. ಪಿಎಚ್.ಡಿ.ಗೆ ಸೇರಿದಮೇಲೆ ಆ ವರ್ಷಗಳು ಸಿಗುವುದಿಲ್ಲ.

'ಹಳ್ಳಿಯಿಂದ ಬಂದವರಿಗೆ ಇದೆಲ್ಲ ಆಗುತ್ತಾ' ಅಂತ ಕೆಲವರು ಕೇಳುತ್ತಾರೆ. ಪ್ರೊ. ಬಿ. ಶೇಖ್ ಅಲಿ ಅವರು ಸಕಲೇಶಪುರ ಕಡೆಯ ಬೆಳಗೋಡಿನವರು. ಅಲಿಗಢ, ಲಂಡನ್‌ಗಳಲ್ಲಿ ಓದಿ, ಮೈಸೂರಿನಲ್ಲಿ ಇತಿಹಾಸ ಕಲಿಸಿ, ಮಂಗಳೂರು ಮತ್ತು ಗೋವಾ ವಿಶ್ವವಿದ್ಯಾಲಯಗಳ ಮೊದಲ ಕುಲಪತಿಯಾದರು.

ಕಷ್ಟದ ಮಾತನ್ನೂ ಹೇಳಬೇಕು. ಸರ್ಕಾರಿ ಕಾಲೇಜುಗಳಿಗೆ ಕಾಯಂ ನೇಮಕಾತಿ ಪ್ರತಿ ವರ್ಷ ನಡೆಯುವುದಿಲ್ಲ. ನಡುವಿನ ವರ್ಷಗಳಲ್ಲಿ ತುಂಬಾ ಜನ ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಾರೆ. ಸಂಬಳ ಕಡಿಮೆ, ಮುಂದಿನ ವರ್ಷದ ಖಾತ್ರಿ ಇಲ್ಲ. ಚೆನ್ನಾಗಿ ಪಾಠ ಮಾಡುವವರನ್ನು ಹೀಗೆ ಕಾಯಿಸುವುದು ಅನ್ಯಾಯ. ಮನೆಯವರಿಗೆ ಇದನ್ನು ಮೊದಲೇ ತಿಳಿಸಿ. ಸಾಧ್ಯವಾದರೆ ಎಂ.ಎ. ಜೊತೆಗೆ ಬಿ.ಎಡ್. ಕೂಡ ಮುಗಿಸಿ, ಪಿಯು ಉಪನ್ಯಾಸಕರ ಹುದ್ದೆಗೂ ಅರ್ಜಿ ಹಾಕಬಹುದು. ಪಿಯು ಕಾಲೇಜಿನಲ್ಲಿದ್ದುಕೊಂಡೇ ಪಿಎಚ್.ಡಿ. ಮುಗಿಸಿ ಡಿಗ್ರಿ ಕಾಲೇಜಿಗೆ ಹೋದವರು ಇದ್ದಾರೆ.