'ನಾನೂರು ಏಟು' ಅಂದರೆ ಏಟಲ್ಲ, ಕಿತಾಪತಿ

'ದಿ 400 ಬ್ಲೋಸ್' ಅಂತ ಹೆಸರು ಕೇಳಿದ ಕೂಡಲೇ, ಪಾಪ, ಯಾವನೋ ಹುಡುಗನಿಗೆ ಸಿಕ್ಕಾಪಟ್ಟೆ ಹೊಡೆತ ಬೀಳುವ ಸಿನಿಮಾ ಅನ್ನಿಸುತ್ತದೆ. ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರುಫೋ 1959ರಲ್ಲಿ ತಂದ ಈ ಚಿತ್ರದ ಫ್ರೆಂಚ್ ಹೆಸರು 'ಲೆ ಕಾತ್ರ್ ಸಾಂ ಕೂ'. ಇಂಗ್ಲಿಷಿನವರು ಪದಕ್ಕೆ ಪದ ಇಟ್ಟರು. ಅರ್ಥ ಫ್ರಾನ್ಸಿನಲ್ಲೇ ಉಳಿದುಹೋಯಿತು.

'ಕೂ' ಅಂದರೆ ಏಟು, ನಿಜ. ಆದರೆ ಗುಂಡು ಹಾರಿಸಿದರೂ ಕೂ, ಯಾರಿಗಾದರೂ ಕಿತಾಪತಿ ಮಾಡಿದರೂ ಕೂ. 'ನಾನೂರು ಕೂ ಮಾಡುವುದು' ಅನ್ನೋದು ಅಲ್ಲಿನ ನುಡಿಗಟ್ಟು. ಹೇಳಿದ ಮಾತು ಕೇಳದೆ, ಮಾಡಬಾರದ್ದನ್ನೆಲ್ಲ ಮಾಡಿಕೊಂಡು ಪುಂಡಾಟ ಆಡುತ್ತಾ ತಿರುಗುವವರಿಗೆ ಹಾಗನ್ನುತ್ತಾರೆ. ನಾನೂರು ಅಂತ ಯಾರೂ ಎಣಿಸಿದ್ದಲ್ಲ. ನಾವು 'ನೂರೆಂಟು ತಕರಾರು' ಅಂತೀವಲ್ವಾ, ಹಾಗೆ. ಕನ್ನಡದಲ್ಲಿ ನಾನಾದರೆ 'ನೂರೆಂಟು ಕಿತಾಪತಿ' ಅಂತಲೇ ಹೆಸರಿಡುತ್ತಿದ್ದೆ.

ಇದರ ಹಿಂದೆ ಒಂದು ಕಥೆಯನ್ನೂ ಹೇಳುತ್ತಾರೆ. 1621ರಲ್ಲಿ ದೊರೆ 13ನೇ ಲೂಯಿ ಪ್ರೊಟೆಸ್ಟೆಂಟರ ಮೊಂತೊಬಾಂ ಊರಿಗೆ ಮುತ್ತಿಗೆ ಹಾಕಿ ನಾನೂರು ಫಿರಂಗಿ ಗುಂಡು ಹಾರಿಸಿದನಂತೆ. ಊರು ಬಗ್ಗಲಿಲ್ಲ.

ಏಟು ಅಂದರೆ ಹುಡುಗ ತಿನ್ನುವವನು. ಕಿತಾಪತಿ ಅಂದರೆ ಅವನೇ ಮಾಡುವವನು. ಹೀಗೆ ನೋಡಿದಾಗ ಸಿನಿಮಾನೇ ಬೇರೆಯಾಗುತ್ತದೆ. ಪ್ಯಾರಿಸ್ಸಿನ ಇಕ್ಕಟ್ಟಾದ ಮನೆಯ ಹುಡುಗ ಆಂತ್ವಾನ್ ಶಾಲೆ ತಪ್ಪಿಸುತ್ತಾನೆ. ಯಾಕೆ ಬರಲಿಲ್ಲ ಅಂದರೆ ಅಮ್ಮ ಸತ್ತುಹೋದಳು ಅಂತಾನೆ! ಸುಳ್ಳು ಬಯಲಾದಾಗ ಮಲತಂದೆ ತರಗತಿಯಲ್ಲೇ ಕೆನ್ನೆಗೆ ಬಾರಿಸುತ್ತಾನೆ. ಆಮೇಲೆ ಆಂತ್ವಾನ್ ಅದೇ ಮಲತಂದೆಯ ಆಫೀಸಿನಿಂದ ಟೈಪ್‌ರೈಟರ್ ಕದಿಯುತ್ತಾನೆ. ಭಾರವಾದ ಯಂತ್ರ. ಗೆಳೆಯನೂ ಅವನೂ ಅದನ್ನು ಹೊತ್ತುಕೊಂಡು ಬೀದಿ ಬೀದಿ ಅಲೆಯುತ್ತಾರೆ. ಮಾರೋಕೆ ಆಗಲ್ಲ. ಕೊನೆಗೆ ತಲೆಗೆ ದೊಡ್ಡವರ ಟೋಪಿ ಹಾಕಿಕೊಂಡು ವಾಪಸ್ ಇಡಲು ಹೋಗುತ್ತಾನೆ. ಕದಿಯುವಾಗ ಸಿಗದವನು ವಾಪಸ್ ಕೊಡುವಾಗ ಸಿಕ್ಕಿಬೀಳುತ್ತಾನೆ. ಮಲತಂದೆಯೇ ಪೊಲೀಸರಿಗೆ ಒಪ್ಪಿಸುತ್ತಾನೆ. ಆ ರಾತ್ರಿ ಪೊಲೀಸ್ ವ್ಯಾನಿನ ಸರಳುಗಳ ಹಿಂದೆ ಅವನ ಮುಖ ನೋಡಿ. ಊರಿನ ದೀಪಗಳು ಹಾದುಹೋಗುತ್ತಿರುತ್ತವೆ, ಕೆನ್ನೆ ಮೇಲೆ ಕಣ್ಣೀರು. ನಾನೂರು ಅಪರಾಧ ಅಂತ ದೊಡ್ಡವರು ಲೆಕ್ಕ ಹಿಡಿದದ್ದು ಇಷ್ಟೇನಾ ಅನ್ನಿಸುತ್ತದೆ.

ಇದರಲ್ಲಿ ತ್ರುಫೋನ ಸ್ವಂತ ಬಾಲ್ಯವೇ ಜಾಸ್ತಿ ಇದೆ. ಅವನು ಹುಟ್ಟಿದ್ದು 1932ರಲ್ಲಿ. ಶಾಲೆ ತಪ್ಪಿಸಿ ಸಿನಿಮಾ ನೋಡುತ್ತಿದ್ದ, ಹುಡುಗರನ್ನು ತಿದ್ದುವ ಸರ್ಕಾರಿ ಕೇಂದ್ರಕ್ಕೂ ಹೋಗಿ ಬಂದಿದ್ದ. ಅವನನ್ನು ಕೈಹಿಡಿದು ಮೇಲೆತ್ತಿದವರು ಸಿನಿಮಾ ವಿಮರ್ಶಕ ಆಂದ್ರೆ ಬಜಾಂ. 1958ರ ನವೆಂಬರಿನಲ್ಲಿ ಶೂಟಿಂಗ್ ಶುರುವಾಗುತ್ತಿದ್ದ ಹಾಗೇ ಅವರು ತೀರಿಕೊಂಡರು. ಚಿತ್ರ ಅವರಿಗೇ ಅರ್ಪಣೆ. ಅದೇ ವರ್ಷ ಕಾನ್ ಚಿತ್ರೋತ್ಸವ ಖಾರವಾಗಿ ವಿಮರ್ಶೆ ಬರೆಯುತ್ತಿದ್ದ ತ್ರುಫೋನನ್ನು ಒಳಗೆ ಬಿಟ್ಟಿರಲಿಲ್ಲ. ಮರುವರ್ಷ ಅಲ್ಲೇ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಕೊಟ್ಟಿತು.

ಸಿನಿಮಾದಲ್ಲೂ ಹುಡುಗನನ್ನು ಇಂಥದೇ ತಿದ್ದುವ ಕೇಂದ್ರಕ್ಕೆ ಕಳಿಸುತ್ತಾರೆ. ಅಲ್ಲಿ ಒಬ್ಬ ಹೆಂಗಸು ಆಂತ್ವಾನ್‌ನನ್ನು ಪ್ರಶ್ನೆ ಕೇಳುತ್ತಾಳೆ. ಅವಳು ಕಾಣುವುದೇ ಇಲ್ಲ, ದನಿ ಮಾತ್ರ. ಆಂತ್ವಾನ್ ಪಾತ್ರದ ನಟ ಜ್ಯಾಂ-ಪಿಯೆರ್ ಲಿಯೋ ಆಗ ಇನ್ನೂ ಹುಡುಗ. ಇಲ್ಲಿನ ಉತ್ತರಗಳನ್ನು ಅವನು ಬಾಯಿಗೆ ಬಂದಂತೆ ತಾನೇ ಕಟ್ಟಿ ಹೇಳಿದ್ದು. ಅಪ್ಪ ಅಮ್ಮ ನೀನು ಸುಳ್ಳು ಹೇಳ್ತೀಯ ಅಂತಾರಲ್ಲ, ಅಂತ ದನಿ ಕೇಳುತ್ತದೆ. ಹುಡುಗ ಕೈಬೆರಳು ಆಡಿಸುತ್ತಾ ಹೇಳುತ್ತಾನೆ: ನಿಜ ಹೇಳಿದರೂ ಅವರು ನಂಬಲ್ಲ, ಅದಕ್ಕೇ ಸುಳ್ಳೇ ವಾಸಿ.