ಗಾಳ ಹಿಡಿದವರಿಲ್ಲದ ಆಮಿಷ

‘ಫೋನ್ ನೋಡುವ ಆಮಿಷವನ್ನು ಗೆಲ್ಲುವುದು ಹೇಗೆ?’ ಇಂಥ ತಲೆಬರಹ ಈ ತಿಂಗಳಲ್ಲೇ ಮೂರನೇ ಸಲ ಕಣ್ಣಿಗೆ ಬಿತ್ತು. ಟೆಂಪ್ಟೇಷನ್ ಅಂತ ಕಂಡಲ್ಲೆಲ್ಲ ಆಮಿಷ ಅಂತ ಬರೆದು ಕೈತೊಳೆದುಕೊಳ್ಳುವುದು ರೂಢಿಯಾಗಿಬಿಟ್ಟಿದೆ. ಸರಿ, ಈ ಆಮಿಷ ಒಡ್ಡಿದವರು ಯಾರು?

ಸಂಸ್ಕೃತದಲ್ಲಿ ಆಮಿಷ ಅಂದರೆ ಮಾಂಸ. ನಿರಾಮಿಷ ಅನ್ನುವ ಪದವನ್ನು ಬಿಡಿಸಿ ನೋಡಿ, ಗೊತ್ತಾಗುತ್ತದೆ. ಗಾಳದ ಕೊಕ್ಕೆಗೆ ಸಿಕ್ಕಿಸುವುದು, ಬೋನಿನೊಳಗೆ ಇಡುವುದು ಮಾಂಸದ ಚೂರನ್ನೇ ಅಲ್ವಾ? ಹಾಗೆ ಆ ಚೂರಿಗೂ ಆಮಿಷ ಅಂದರು. ಆಮೇಲೆ ದುಡ್ಡು, ಹುದ್ದೆ, ಉಡುಗೊರೆ ಎಲ್ಲವೂ ಆ ಕೊಕ್ಕೆಗೆ ಬಂದು ಕೂತವು. ಆದರೆ ಗಾಳ ಹಿಡಿದವನೊಬ್ಬ ದಡದಲ್ಲಿ ಇರಲೇಬೇಕು. ಅವನಿಗೆ ಬೇಕಿರುವುದು ಮೀನು, ಮೀನಿನ ಹೊಟ್ಟೆ ತುಂಬುವುದಲ್ಲ. ಅದಕ್ಕೇ ನಾವು ಆಮಿಷ ‘ಒಡ್ಡುತ್ತೇವೆ’, ಆಮಿಷಕ್ಕೆ ‘ಬಲಿಯಾಗುತ್ತೇವೆ’. ಓಟಿಗೆ ದುಡ್ಡು ಹಂಚುವುದು ಆಮಿಷ. ಮೊದಲ ತಿಂಗಳು ಪುಕ್ಕಟೆ ಅನ್ನುವ ಜಾಹೀರಾತೂ ಆಮಿಷವೇ, ನನ್ನ ತಕರಾರಿಲ್ಲ.

ಪ್ರಲೋಭನೆಯದೂ ಹೆಚ್ಚುಕಡಿಮೆ ಇದೇ ಕತೆ. ಅದರ ಮೂಲ ‘ಲುಭ್’. ಅತಿಯಾಗಿ ಬಯಸು, ದಿಕ್ಕುತಪ್ಪು, ಎರಡೂ ಅರ್ಥ ಅದಕ್ಕಿವೆ. ಅದೇ ಬೇರಿನ ಲೋಭಿ ಕನ್ನಡದಲ್ಲಿ ಜಿಪುಣನಾದ. ಲುಬ್ಧಕ ಅಂದರೆ ಬೇಟೆಗಾರ. ರಾತ್ರಿ ಆಕಾಶದ ಅತಿ ಪ್ರಕಾಶದ ನಕ್ಷತ್ರಕ್ಕೂ ಅದೇ ಹೆಸರು. ಪ್ರಲೋಭನೆ ಅಂದರೆ ಆಸೆಪಡುವುದಲ್ಲ, ಆಸೆ ಹುಟ್ಟಿಸುವುದು. ಹಾಗಾಗಿ ‘ಪ್ರಲೋಭನೆಗೆ ಒಳಗಾದೆ’ ಸರಿ. ‘ನನಗೆ ಪ್ರಲೋಭನೆ ಬಂತು’ ಅಂದರೆ ಜ್ವರ ಬಂದ ಹಾಗಿರುತ್ತದೆ.

ಕನ್ನಡ ಬೈಬಲ್‌ನಲ್ಲಿ ಟೆಂಪ್ಟೇಷನ್ನಿಗೆ ‘ಶೋಧನೆ’ ಅನ್ನುವ ಪದವಿದೆ. ಇಂಗ್ಲಿಷ್ ಪದದ ಲ್ಯಾಟಿನ್ ಮೂಲಕ್ಕೂ ಮುಟ್ಟಿ ನೋಡು, ಪರೀಕ್ಷಿಸು ಅಂತಲೇ ಅರ್ಥ. ಅನುವಾದ ಮಾಡಿದವರು ಯೋಚಿಸಿ ಬರೆದಿದ್ದಾರೆ.

ಇನ್ನು ಆ ಫೋನು. ದೀಪ ಆರಿಸಿದ್ದಾಗಿದೆ, ಬೆಳಿಗ್ಗೆ ಬೇಗ ಏಳಬೇಕು, ಆದರೂ ಕೈ ಸುಮ್ನೆ ದಿಂಬಿನ ಕೆಳಗೆ ಹೋಗುತ್ತದೆ. ಯಾರೂ ಕರೆದಿಲ್ಲ. ಆ್ಯಪ್ ಮಾಡಿದವರು ಕೆಂಪು ಚುಕ್ಕೆ ತೋರಿಸಿ ಕರೆದರೆ ಆಮಿಷ ಅನ್ನಿ, ಒಪ್ಪುತ್ತೇನೆ. ತೆಪ್ಪಗೆ ಬಿದ್ದಿರುವ ಫೋನಿಗೆ ಕೈ ಹಾಕುವುದು ಚಪಲ. ಬೇಡ ಅಂತ ಗೊತ್ತಿದ್ದೂ ಬೇಕು ಅನ್ನಿಸುವುದು ಆ ಪದದಲ್ಲೇ ಇದೆ. ಹಸಿದವನು ತಟ್ಟೆಗೆ ಕೈ ಹಾಕಿದರೆ ಯಾರೂ ಬಾಯಿಚಪಲ ಅನ್ನುವುದಿಲ್ಲ. ಡಾಕ್ಟರು ಬೇಡ ಅಂದ ಸಿಹಿಯನ್ನು ಕದ್ದು ತಿಂದರೆ ಅನ್ನುತ್ತಾರೆ.

ಆಮಿಷದಂತೆ ಚಪಲವೂ ಮೂರೇ ಅಕ್ಷರ. ತಲೆಬರಹದಲ್ಲಿ ಜಾಗ ಸಾಲಲಿಲ್ಲ ಅನ್ನುವ ನೆಪವೂ ಇಲ್ಲ.