ಗ್ರಾಹಕರು ಹಣ ಕಟ್ಟಿದ್ದಾರೆ, ಇನ್‌ವಾಯ್ಸ್ ಮಾತ್ರ ಬಾಕಿ ಎನ್ನುತ್ತಿದೆ. ಎಲ್ಲಿ ಹುಡುಕಬೇಕು?

ಪ್ರಶ್ನೆ: ನಾನು ಸಣ್ಣ ಮಟ್ಟದಲ್ಲಿ ವೆಬ್ ಹೋಸ್ಟಿಂಗ್ ಸೇವೆ ನಡೆಸುತ್ತೇನೆ. ಬಿಲ್ಲಿಂಗ್‌ಗೆ ಡಬ್ಲ್ಯೂಎಚ್‌ಎಂಸಿಎಸ್ ಎಂಬ ಸಾಫ್ಟ್‌ವೇರ್ ಬಳಸುತ್ತಿದ್ದೇನೆ. ಪೇಮೆಂಟ್ ಗೇಟ್‌ವೇಯಲ್ಲಿ (ಆನ್‌ಲೈನ್ ಪಾವತಿ ಪಡೆದುಕೊಡುವ ಸೇವೆ) ಹಣ ಜಮಾ ಆಗಿದ್ದು ಕಾಣುತ್ತದೆ, ಆದರೆ ಇನ್‌ವಾಯ್ಸ್ 'ಅನ್‌ಪೇಯ್ಡ್' ಎಂದೇ ಉಳಿದಿದೆ. ಗ್ರಾಹಕರೊಬ್ಬರ ಸೈಟ್ ಸಸ್ಪೆಂಡ್ ಕೂಡ ಆಯಿತು. ಏನು ಮಾಡಲಿ?

ಉತ್ತರ: ಮೊದಲು ಆ ಸೈಟನ್ನು ಮತ್ತೆ ಚಾಲೂ ಮಾಡಿ. ಗ್ರಾಹಕರ ಸರ್ವೀಸ್ ಪುಟದಲ್ಲಿ, ಇಂಥ ದಿನದವರೆಗೆ ಸಸ್ಪೆಂಡ್ ಮಾಡಬಾರದು ಎಂದು ತಾರೀಖು ಹಾಕುವ ಆಯ್ಕೆ ಇದೆ. ಅಲ್ಲಿ ಕೆಲವು ದಿನ ಮುಂದಿನ ತಾರೀಖು ಕೊಡಿ. ಹಣ ಕಟ್ಟಿದವರನ್ನು ನಮ್ಮ ಹುಡುಕಾಟ ಮುಗಿಯುವ ತನಕ ಕಾಯಿಸುವುದು ನ್ಯಾಯವಲ್ಲ.

ಈಗ ಕಾರಣಕ್ಕೆ ಬರೋಣ. ಹಣ ಕಟ್ಟಿದ ಮೇಲೆ ಗ್ರಾಹಕರ ಬ್ರೌಸರ್ ನಿಮ್ಮ ಸೈಟಿಗೆ ವಾಪಸಾಗುತ್ತದಲ್ಲ, ಸಾಮಾನ್ಯವಾಗಿ ಇನ್‌ವಾಯ್ಸ್ ಚುಕ್ತಾ ಆಗುವುದು ಅದರಿಂದಲ್ಲ. ಗೇಟ್‌ವೇಯ ಸರ್ವರ್ ನಿಮ್ಮ ಸರ್ವರ್‌ಗೆ ಬೇರೆಯಾಗಿ ಒಂದು ಸಂದೇಶ ಕಳಿಸುತ್ತದೆ. ಅದೇ ವೆಬ್‌ಹುಕ್, ಅಂದರೆ ಕಾಲ್‌ಬ್ಯಾಕ್. ಅದು ತಲುಪದಿದ್ದರೆ ಹಣ ಬಂದದ್ದು ಸಾಫ್ಟ್‌ವೇರ್‌ಗೆ ಗೊತ್ತೇ ಆಗುವುದಿಲ್ಲ.

ಹಾಗಾಗಿ ಮೊದಲು ತೆರೆಯಬೇಕಾದದ್ದು ಡಬ್ಲ್ಯೂಎಚ್‌ಎಂಸಿಎಸ್‌ನ ಗೇಟ್‌ವೇ ಲಾಗ್, ಅಂದರೆ ಗೇಟ್‌ವೇಯಿಂದ ಬಂದ ಸಂದೇಶಗಳ ದಾಖಲೆ. ಆ ಪಾವತಿಯ ಹೊತ್ತಿಗೆ ಅಲ್ಲಿ ಏನಾದರೂ ದಾಖಲಾಗಿದ್ದರೆ ಸಂದೇಶ ಬಂದಿದೆ, ಒಳಗೆ ತಿರಸ್ಕೃತವಾಗಿದೆ ಎಂದರ್ಥ. ಹೆಚ್ಚಾಗಿ ಸೀಕ್ರೆಟ್ ಕೀ (ಗೇಟ್‌ವೇ ಕೊಟ್ಟ ಗುಪ್ತ ಸಂಕೇತ) ತಪ್ಪಿರುತ್ತದೆ, ಇಲ್ಲವೇ ನಿಜವಾದ ಪಾವತಿಯ ಲೈವ್ ಕೀ ಇರಬೇಕಾದ ಕಡೆ ಪರೀಕ್ಷೆಯ ಟೆಸ್ಟ್ ಕೀ ಉಳಿದಿರುತ್ತದೆ. ಏನೂ ದಾಖಲಾಗಿಲ್ಲ ಎಂದರೆ ಸಂದೇಶ ದಾರಿಯಲ್ಲೇ ನಿಂತಿದೆ. ಆಗ ಗೇಟ್‌ವೇಯ ಡ್ಯಾಶ್‌ಬೋರ್ಡ್‌ಗೆ ಹೋಗಿ, ನಿಮ್ಮ ಸರ್ವರ್ ಕೊಟ್ಟ ಉತ್ತರದ ಕೋಡ್ ನೋಡಿ. 403 (ಪ್ರವೇಶ ನಿರಾಕರಣೆ) ಇದ್ದರೆ ಮಾಡ್‌ಸೆಕ್ಯೂರಿಟಿಯಂಥ ಫೈರ್‌ವಾಲ್ ಅಥವಾ ಬಾಟ್ ತಡೆಯುವ ಸೇವೆ ಅಡ್ಡ ನಿಂತಿರಬಹುದು. 301 (ಬೇರೆ ವಿಳಾಸಕ್ಕೆ ಹೋಗಿ ಎನ್ನುವ ರೀಡೈರೆಕ್ಟ್) ಇದ್ದರೆ ವಿಳಾಸ ಹಳೆಯದು. ಸೈಟನ್ನು ಎಚ್‌ಟಿಟಿಪಿಎಸ್‌ಗೆ ಬದಲಿಸಿದ ಮೇಲೆ ಕಾಲ್‌ಬ್ಯಾಕ್ ವಿಳಾಸ ಬದಲಿಸಲು ಮರೆಯುವವರು ಬಹಳ. ಬ್ರೌಸರ್ ರೀಡೈರೆಕ್ಟ್ ಹಿಂದೆ ತಾನಾಗಿ ಹೋಗುತ್ತದೆ. ಸ್ಟ್ರೈಪ್‌ನಂಥ ಗೇಟ್‌ವೇ ಹಾಗೆ ಹೋಗದೆ ಅದನ್ನು ವೈಫಲ್ಯ ಎಂದೇ ಎಣಿಸುತ್ತದೆ.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ಅವಸರದಲ್ಲಿ ಇನ್‌ವಾಯ್ಸ್‌ಗೆ ಕೈಯಾರೆ ಪಾವತಿ ಸೇರಿಸುವಾಗ ಟ್ರಾನ್ಸಾಕ್ಷನ್ ಐಡಿ ಬಿಡಬೇಡಿ. ವಿಫಲವಾದ ಸಂದೇಶವನ್ನು ಗೇಟ್‌ವೇ ಮತ್ತೆ ಮತ್ತೆ ಕಳಿಸುತ್ತದೆ. ಸ್ಟ್ರೈಪ್ ಲೈವ್ ಪಾವತಿಗಳಿಗೆ 3 ದಿನದವರೆಗೂ ಪ್ರಯತ್ನಿಸುತ್ತದೆ. ನೀವು ಫೈರ್‌ವಾಲ್ ಸರಿಮಾಡಿದ ಮೇಲೆ, ಮುಂದಿನ ಪ್ರಯತ್ನದಲ್ಲಿ ಆ ಹಳೆಯ ಸಂದೇಶ ಒಳಗೆ ಬರುತ್ತದೆ. ಅದೇ ಐಡಿ ಮೊದಲೇ ಇದ್ದರೆ ಸಾಫ್ಟ್‌ವೇರ್ ಅದನ್ನು ಬಿಟ್ಟುಬಿಡುತ್ತದೆ. ಇಲ್ಲದಿದ್ದರೆ ಒಂದೇ ಹಣ ಎರಡು ಸಲ ಜಮಾ ಆಗಿ, ಹೆಚ್ಚಿನದು ಗ್ರಾಹಕರ ಕ್ರೆಡಿಟ್‌ಗೆ ಸೇರುತ್ತದೆ. ಮುಂದಿನ ಬಿಲ್ ಆ ಕ್ರೆಡಿಟ್‌ನಲ್ಲೇ ತೀರಿಹೋದಾಗ ಲೆಕ್ಕ ತಪ್ಪಿದ್ದು ಎಲ್ಲಿ ಎಂದು ಹುಡುಕುವುದು ತುಂಬಾ ಕಷ್ಟ.

ಇನ್‌ವಾಯ್ಸ್ ಚುಕ್ತಾ ಆಗಿಯೂ ಹೋಸ್ಟಿಂಗ್ ಖಾತೆ ತೆರೆಯದಿದ್ದರೆ ಅದು ಬೇರೆ ರೋಗ. ಮಾಡ್ಯೂಲ್ ಕ್ಯೂ, ಅಂದರೆ ಸರ್ವರ್‌ನಲ್ಲಿ ವಿಫಲವಾದ ಕೆಲಸಗಳ ಪಟ್ಟಿ ನೋಡಿ. ಸಿಪ್ಯಾನೆಲ್ (ಹೋಸ್ಟಿಂಗ್ ನಿರ್ವಹಣೆಯ ಸಾಫ್ಟ್‌ವೇರ್) ಇರುವ ಸರ್ವರ್ ಆದರೆ ಸಂಪರ್ಕಕ್ಕೆ ಬೇಕಾದ 2087 ಪೋರ್ಟ್ ತೆರೆದಿದೆಯೇ, ಒಳಪ್ರವೇಶಕ್ಕೆ ಕೊಟ್ಟ ಎಪಿಐ ಟೋಕನ್ ಇನ್ನೂ ಚಾಲ್ತಿಯಲ್ಲಿದೆಯೇ ಪರೀಕ್ಷಿಸಿ.

ಕ್ರಾನ್, ಅಂದರೆ ನಿಗದಿತ ಹೊತ್ತಿಗೆ ಹಿನ್ನೆಲೆಯ ಕೆಲಸಗಳನ್ನು ತಾನಾಗಿ ನಡೆಸುವ ವ್ಯವಸ್ಥೆ ಕೂಡ ಆಗಾಗ ಮೋಸ ಮಾಡುತ್ತದೆ. ಅದನ್ನು 5 ನಿಮಿಷಕ್ಕೊಮ್ಮೆ ಓಡಿಸಿ. ಸಾಫ್ಟ್‌ವೇರ್ ಓಡಲು ಬೇಕಾದ ಪಿಎಚ್‌ಪಿ ಮೇಲ್ದರ್ಜೆಗೇರಿಸಿದ ಮೇಲೆ ಕ್ರಾನ್ ನಿಂತುಹೋಗಿದ್ದರೆ ಅಯಾನ್‌ಕ್ಯೂಬ್ ಲೋಡರ್ (ಡಬ್ಲ್ಯೂಎಚ್‌ಎಂಸಿಎಸ್‌ನ ಮರೆಮಾಡಿದ ಕೋಡನ್ನು ಓದಲು ಪಿಎಚ್‌ಪಿಗೆ ಬೇಕಾದ ಭಾಗ) ಮೇಲೆ ಅನುಮಾನಪಡಿ. ವೆಬ್‌ಸೈಟ್ ಬಳಸುವ ಪಿಎಚ್‌ಪಿಯಲ್ಲಿ ಅದು ಇದ್ದು, ಕಮಾಂಡ್ ಲೈನ್‌ನ ಪಿಎಚ್‌ಪಿಯಲ್ಲಿ ಇಲ್ಲದಿರಬಹುದು. ಆಗ ಅಡ್ಮಿನ್ ಪುಟ ಚೆನ್ನಾಗಿಯೇ ತೆರೆಯುತ್ತದೆ, ಹಿನ್ನೆಲೆಯ ಕೆಲಸ ಒಂದೂ ನಡೆಯುವುದಿಲ್ಲ. ಕ್ರಾನ್ ಕಮಾಂಡನ್ನು ಟರ್ಮಿನಲ್‌ನಲ್ಲಿ ನೀವೇ ಒಮ್ಮೆ ಓಡಿಸಿದರೆ ದೋಷ ಕಣ್ಣೆದುರೇ ಬರುತ್ತದೆ.

ಎಲ್ಲ ಸರಿಯಾದ ಮೇಲೆ ವಿಫಲ ಸಂದೇಶವನ್ನು ಡ್ಯಾಶ್‌ಬೋರ್ಡ್‌ನಿಂದ ಮತ್ತೊಮ್ಮೆ ಕಳಿಸಿ, ಲಾಗ್‌ನಲ್ಲಿ ಯಶಸ್ವಿ ಎಂದು ಬಂದದ್ದನ್ನು ಖಚಿತಪಡಿಸಿಕೊಳ್ಳಿ. ಬಳಿಕ ತೊಂದರೆ ಶುರುವಾದ ದಿನದಿಂದ ಗೇಟ್‌ವೇಯ ಪಾವತಿ ಪಟ್ಟಿಯನ್ನು ನಿಮ್ಮ ಟ್ರಾನ್ಸಾಕ್ಷನ್ ಪಟ್ಟಿಗೆ ತಾಳೆ ಹಾಕಿ. ಹಣ ಕಟ್ಟಿಯೂ ದೂರು ಹೇಳದೆ ಸುಮ್ಮನಿರುವ ಇನ್ನೂ ಕೆಲವರು ಅಲ್ಲಿ ಸಿಗಬಹುದು.